ಶಾರ್ಕ್ ಸುದ್ದಿ ಓದುವುದು ಹೇಗೆ: ಭೀಮಾ ತೀರದ ಪಾಲಕರಿಗೊಂದು ಮಾರ್ಗದರ್ಶಿ

ನಮ್ಮ ಶಾಲೆ ಯಾದಗಿರಿ ಜಿಲ್ಲೆಯಲ್ಲಿದೆ. ಭೀಮಾ ಹೊಳೆ ಇಲ್ಲಿಂದ ನಡೆದುಹೋಗುವಷ್ಟು ದೂರ. ಚಳಿಗಾಲ ಬಂದರೆ ಒಂಬತ್ತು, ಹತ್ತನೇ ತರಗತಿಯ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗುತ್ತೇವೆ. ಈ ಸಲ ಗೋಕರ್ಣ, ಮುರುಡೇಶ್ವರ ಅಂತ ನಿಕ್ಕಿಯಾಯಿತು. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಕಡಲನ್ನು ಒಮ್ಮೆಯೂ ನೋಡಿಲ್ಲ.

ಪಾಲಕರ ಸಭೆಯಲ್ಲಿ ಒಬ್ಬ ತಾಯಿ ಎದ್ದು ನಿಂತು ಫೋನ್ ಮುಂದೆ ಹಿಡಿದರು.

"ಸರ, ಇದು ನೋಡ್ರಿ. ಮಹಾರಾಷ್ಟ್ರದ ನದ್ಯಾಗ ಶಾರ್ಕ್ ಬಂದದಂತ. ಒಬ್ಬಾಂವನ ಕಾಲು ಕಚ್ಚ್ಯಾದ. ನಮ್ಮ ಹೊಳಿ ನೀರೂ ಮಹಾರಾಷ್ಟ್ರದಿಂದನೇ ಬರ್ತದಲ್ರಿ? ಹೊಳ್ಯಾಗೇ ಹಿಂಗಂದ್ರ ಸಮುದ್ರಕ್ಕ ಹುಡುಗೂರನ್ನ ಹ್ಯಾಂಗ ಕಳಸೂದ್ರಿ?"

ಫೋನ್ ಕೈಯಿಂದ ಕೈಗೆ ಹೋಯಿತು. ಮುಕ್ಕಾಲು ಗಂಟೆ ಶಾರ್ಕ್ ಮಾತೇ ನಡೆಯಿತು. ಮೂವರು ಪಾಲಕರು ಕೊಟ್ಟ ಒಪ್ಪಿಗೆ ಪತ್ರ ವಾಪಸ್ ತೆಗೆದುಕೊಂಡರು. ಮಕ್ಕಳು ನೀರಿಗಿಳಿದಾಗ ಯಾರು ಕಾಯುತ್ತಾರೆ, ಅಲೆ ಎಳೆದರೆ ಏನು ಮಾಡಬೇಕು ಅಂತ ಒಬ್ಬರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಅದು ಹೊಳೆಯಿತು, ತುತ್ತು ಗಂಟಲಲ್ಲಿ ಇಳಿಯಲಿಲ್ಲ. ಯಾಕಂದರೆ 2024ರ ಡಿಸೆಂಬರ್‌ನಲ್ಲಿ ಅದೇ ಮುರುಡೇಶ್ವರದಲ್ಲಿ, ನಮ್ಮಂತೆಯೇ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ಹುಡುಗಿಯರು ಅಲೆಗೆ ಸಿಕ್ಕು ತೀರಿಕೊಂಡಿದ್ದರು. ಅಲ್ಲಿ ಶಾರ್ಕ್ ಇರಲಿಲ್ಲ. ನೀರಿನ ಸೆಳೆತ ಇತ್ತು, ಅಷ್ಟೆ.

ಆ ವಾರವಿಡೀ ಮಕ್ಕಳ ಜೊತೆ ಕೂತು ಈ ಸುದ್ದಿಯನ್ನು ಬಿಡಿಸಿ ನೋಡಿದೆ. ಹೇಗೆ ನೋಡಿದೆವು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಇದು ಶಾರ್ಕ್ ಸುದ್ದಿಗಷ್ಟೇ ಅಲ್ಲ, ಚಿರತೆ, ಮೊಸಳೆ, ತೋಳದ ಸುದ್ದಿಗೂ ಆಗುತ್ತದೆ.

ಮೊದಲು ಮ್ಯಾಪ್ ಮೇಲೆ ಬೆರಳಿಡಿ

ಸುದ್ದಿ ಸುಳ್ಳಲ್ಲ. 2024ರ ಫೆಬ್ರುವರಿಯಲ್ಲಿ ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯಲ್ಲಿ, ವೈತರಣಾ ನದಿಯಲ್ಲಿ ಶಾರ್ಕ್ ಒಬ್ಬ ಯುವಕನ ಕಾಲು ಕಚ್ಚಿತ್ತು. ಅವನಿಗೆ ದೊಡ್ಡ ಗಾಯವಾಗಿತ್ತು. ಆದರೆ ಅದು ನದಿಯ ಯಾವ ಭಾಗ? ಕಡಲಿನ ಉಬ್ಬರದ ನೀರು ಒಳಗೆ ಬರುವ ಭಾಗ. ಬುಲ್ ಶಾರ್ಕ್ ಅನ್ನುವ ಜಾತಿಗೆ ಸಿಹಿನೀರೂ ಒಗ್ಗುತ್ತದೆ. ಅದು ಕಡಲಿಂದ ನದಿಯೊಳಗೆ ಈಜಿ ಬರುವುದುಂಟು. ತಲೆಬರಹದಲ್ಲಿ "ಮಹಾರಾಷ್ಟ್ರದ ನದಿ" ಅಂತಷ್ಟೇ ಇದ್ದರೆ ಭೀಮಾ ದಂಡೆಯ ಮನುಷ್ಯ ತನ್ನ ಹೊಳೆಯನ್ನೇ ನೆನೆಸಿಕೊಳ್ಳುತ್ತಾನೆ. ಅದರಲ್ಲಿ ಅವನ ತಪ್ಪಿಲ್ಲ.

ತರಗತಿಯಲ್ಲಿ ಗೋಡೆಯ ಮ್ಯಾಪ್ ಇಳಿಸಿ ಬೆಂಚಿನ ಮೇಲೆ ಹಾಸಿದೆವು. ಕೆಂಪು ಉಣ್ಣೆ ದಾರ ತಂದಿದ್ದೆ. ಒಬ್ಬ ಹುಡುಗ ವೈತರಣಾ ಮೇಲೆ ದಾರ ಇಟ್ಟ. ತ್ರ್ಯಂಬಕದ ಹತ್ತಿರ ಹುಟ್ಟಿ ಪಶ್ಚಿಮಕ್ಕೆ ಇಳಿದು ಅರಬ್ಬಿ ಸಮುದ್ರ ಸೇರುತ್ತದೆ. ಗೇಣು ದಾರವೂ ಬೇಕಾಗಲಿಲ್ಲ. ಆಮೇಲೆ ಭೀಮಾ. ಭೀಮಾಶಂಕರದಲ್ಲಿ ಹುಟ್ಟಿ ಪೂರ್ವಕ್ಕೆ ಮುಖ ಮಾಡುತ್ತದೆ. ಉಜನಿ ಅಣೆಕಟ್ಟು, ಪಂಢರಪುರ, ನಮ್ಮ ಗಾಣಗಾಪುರ, ಸನ್ನತಿ, ಯಾದಗಿರಿ ದಾಟಿ ಕೃಷ್ಣೆಯನ್ನು ಸೇರುತ್ತದೆ. ಕೃಷ್ಣೆ ಎಲ್ಲೋ ಆಂಧ್ರದ ಹಂಸಲದೀವಿಯಲ್ಲಿ ಬಂಗಾಳ ಕೊಲ್ಲಿ ಸೇರುತ್ತಾಳೆ. ದಾರ ಬೆಂಚಿನ ಅಂಚು ಮುಟ್ಟಿತು.

"ಈಗ ನೀನೇ ಶಾರ್ಕ್," ಅಂದೆ. "ಹಂಸಲದೀವಿಯಿಂದ ನಮ್ಮೂರಿಗೆ ಬಾ ನೋಡೋಣ."

ಅವನು ಬೆರಳಿಟ್ಟು ಹೊರಟ. ವಿಜಯವಾಡದಲ್ಲಿ ಪ್ರಕಾಶಂ ಬ್ಯಾರೇಜ್. ಮುಂದೆ ಪುಲಿಚಿಂತಲ. ಆಮೇಲೆ ನಾಗಾರ್ಜುನ ಸಾಗರ, 124 ಮೀಟರ್ ಎತ್ತರದ ಗೋಡೆ. ಅದರಾಚೆ ಶ್ರೀಶೈಲಂ. ಅದರಾಚೆ ಜುರಾಲಾ. ಹುಡುಗ ಬೆರಳು ಎತ್ತಿದ. "ದಾರಿ ಬಂದ್ ಅದ ಸರ."

ಸುದ್ದಿ ಬಂದಾಗ ನೀವೂ ಇಷ್ಟು ಮಾಡಿ. ಜಾಗದ ಪೂರ್ತಿ ಹೆಸರು ಹುಡುಕಿ: ಊರು, ತಾಲೂಕು, ಜಿಲ್ಲೆ. ಫೋನಿನ ಮ್ಯಾಪ್‌ನಲ್ಲಿ ಅದನ್ನು ತೆಗೆಯಿರಿ. ಅಲ್ಲಿಂದ ನಿಮ್ಮೂರಿಗೆ ಆ ಪ್ರಾಣಿಗೆ ದಾರಿ ಇದೆಯಾ ಅಂತ ನೋಡಿ. ಎರಡು ನಿಮಿಷದ ಕೆಲಸ. ಜಾಗದ ಹೆಸರೇ ಇಲ್ಲದ ಸುದ್ದಿಯನ್ನು ಅಲ್ಲಿಗೇ ಬಿಡಿ.

ತಾರೀಖು ಎಷ್ಟು?

ಆ ತಾಯಿಯ ಫೋನಿನಲ್ಲಿದ್ದ ವಿಡಿಯೋಗೆ ತಾರೀಖು ಇರಲಿಲ್ಲ. ನಿನ್ನೆ ಮೊನ್ನೆಯದು ಅಂತ ಎಲ್ಲರೂ ತಿಳಿದಿದ್ದರು. ಹಳೆಯ ಘಟನೆ ಹೊಸ ಸಂಗೀತ ಹಾಕಿಕೊಂಡು ಮತ್ತೆ ಬಂದಿತ್ತು. ಮನಸ್ಸು ಅದನ್ನು ಇನ್ನೊಂದು ಘಟನೆ ಅಂತಲೇ ಎಣಿಸುತ್ತದೆ. ಟಿವಿಯಲ್ಲಿ ಒಂದೇ ದೃಶ್ಯ ಹತ್ತು ಸಲ ಬಂದರೆ ಹತ್ತು ಸಲ ನಡೆದಂತೆ ಅನಿಸುತ್ತದೆ, ಅಲ್ವಾ? ಟ್ವೆರ್ಸ್ಕಿ ಮತ್ತು ಕಾನೆಮನ್ ಅನ್ನುವ ಇಬ್ಬರು ಮನೋವಿಜ್ಞಾನಿಗಳು 1973ರಲ್ಲೇ ಇದನ್ನು ತೋರಿಸಿದ್ದರು. ಯಾವುದು ಬೇಗ ನೆನಪಿಗೆ ಬರುತ್ತದೋ ಅದೇ ಜಾಸ್ತಿ ನಡೆಯುತ್ತದೆ ಅಂತ ನಾವು ನಂಬಿಬಿಡುತ್ತೇವೆ.

ಇದಕ್ಕೆ ಅಮೆರಿಕದ 2001ರ ಬೇಸಿಗೆಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಆ ವರ್ಷ ಜುಲೈನಲ್ಲಿ ಫ್ಲಾರಿಡಾದ ಕಡಲಲ್ಲಿ ಎಂಟು ವರ್ಷದ ಒಬ್ಬ ಹುಡುಗನಿಗೆ ಶಾರ್ಕ್ ಕಚ್ಚಿತು. ಅವನ ಸ್ಥಿತಿ ಗಂಭೀರವಾಗಿತ್ತು, ಊರಿಗೆ ಊರೇ ಮರುಗಿತು. ಅಲ್ಲಿಂದ ಟಿವಿಯಲ್ಲಿ ಶಾರ್ಕ್ ಬಿಟ್ಟರೆ ಬೇರೆ ಸುದ್ದಿಯೇ ಇಲ್ಲ ಅನ್ನುವಂತಾಯಿತು. ದೊಡ್ಡ ವಾರಪತ್ರಿಕೆಯೊಂದು ಶಾರ್ಕನ್ನು ಮುಖಪುಟಕ್ಕೇ ಹಾಕಿತು. ಆ ಬೇಸಿಗೆಗೆ "ಶಾರ್ಕ್ ಬೇಸಿಗೆ" ಅಂತಲೇ ಹೆಸರು ಬಿತ್ತು. ಈಗ ಲೆಕ್ಕ ನೋಡಿ. ಫ್ಲಾರಿಡಾದ ವಸ್ತು ಸಂಗ್ರಹಾಲಯವೊಂದು ಜಗತ್ತಿನ ಶಾರ್ಕ್ ಕಡಿತಗಳ ದಾಖಲೆ ಇಡುತ್ತದೆ. ಮನುಷ್ಯ ಕೆಣಕದೆ ಆದ ಕಡಿತಗಳನ್ನು ಅವರು ಬೇರೆಯಾಗಿ ಎಣಿಸುತ್ತಾರೆ. 2000ದಲ್ಲಿ ಅಂಥವು 85, ಸತ್ತವರು 12. ಸುದ್ದಿಯೋ ಸುದ್ದಿ ಆದ 2001ರಲ್ಲಿ 76, ಸತ್ತವರು 5. ಅಪಾಯ ಇಳಿದಿತ್ತು, ಭಯ ಮಾತ್ರ ಏರಿತ್ತು. ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಗೋಪುರಗಳು ಬಿದ್ದವು. ಮರುದಿನದಿಂದ ಟಿವಿಯಲ್ಲಿ ಶಾರ್ಕ್ ಕಾಣಲಿಲ್ಲ. ಕಡಲಲ್ಲಿ ಅವು ಮೊದಲಿನ ಹಾಗೆಯೇ ಈಜಾಡಿಕೊಂಡಿದ್ದವು.

ಕ್ರಿಯಾಪದದ ಮೇಲೆ ಕಣ್ಣಿಡಿ

ನಮ್ಮ ಜಿಲ್ಲಾ ಪುಟಗಳಲ್ಲಿ ಒಂದು ಪದ ಬಹಳ ಓಡುತ್ತದೆ: "ಪ್ರತ್ಯಕ್ಷ". "ಮೊಸಳೆ ಪ್ರತ್ಯಕ್ಷ, ಗ್ರಾಮಸ್ಥರಲ್ಲಿ ಆತಂಕ." ಕೃಷ್ಣೆಯಲ್ಲಿ ಮೊಸಳೆ ನಮ್ಮ ಅಜ್ಜನ ಕಾಲದಿಂದಲೂ ಇದೆ. ಅದು ಬಿಸಿಲು ಕಾಯಿಸಲು ದಂಡೆಗೆ ಬಂದು ಮಲಗಿತು ಅಂದರೆ ಒಂದು ಅರ್ಥ. ಪ್ರತ್ಯಕ್ಷವಾಯಿತು ಅಂದರೆ ಎಲ್ಲಿಂದಲೋ ನಮ್ಮನ್ನೇ ಹುಡುಕಿಕೊಂಡು ಬಂದಂತೆ ಕೇಳಿಸುತ್ತದೆ.

ಶಾರ್ಕ್ ವಿಷಯದಲ್ಲಿ ಆ ಜಾಗ "ದಾಳಿ"ಯದು. ಕಚ್ಚಿದರೂ ದಾಳಿ, ದೋಣಿಗೆ ಮೈ ಉಜ್ಜಿದರೂ ದಾಳಿ. 2013ರಲ್ಲಿ ಕ್ರಿಸ್ಟೋಫರ್ ನೆಫ್ ಮತ್ತು ರಾಬರ್ಟ್ ಹ್ಯೂಟರ್ ಅನ್ನುವ ಸಂಶೋಧಕರು ಈ ಒಂದು ಪದದ ಬದಲು ನಾಲ್ಕು ಬಳಸಿ ಅಂತ ಸೂಚಿಸಿದರು: ಕಂಡಿತು, ಎದುರಾಯಿತು, ಕಚ್ಚಿತು, ಕಚ್ಚಿ ಜೀವ ಹೋಯಿತು. ಈ ನಾಲ್ಕನ್ನು ನಾನು ಕರಿಹಲಗೆಯ ಮೇಲೆ ಬರೆದೆ. ಪೇಪರಿನ ಪ್ರಾಣಿ ಸುದ್ದಿಗಳನ್ನು ಕತ್ತರಿಸಿ ತಂದು ಯಾವುದು ಯಾವ ಮನೆಗೆ ಸೇರುತ್ತದೆ ಅಂತ ಮಕ್ಕಳೇ ಅಂಟಿಸಿದರು. "ಕಂಡಿತು" ಅನ್ನುವ ಮನೆಯೇ ತುಂಬಿತು. ಮನೆಯಲ್ಲಿ ಮಾಡುವುದಾದರೆ ತಲೆಬರಹ ಬಿಟ್ಟು ಒಳಗಿನ ವಾಕ್ಯ ಓದಿ, ನಿಜವಾಗಿ ಏನಾಯಿತು ಅನ್ನುವ ಕ್ರಿಯಾಪದದ ಕೆಳಗೆ ಪೆನ್ನಿಂದ ಗೆರೆ ಹಾಕಿ. ಸಾಕು.

ಇನ್ನೊಂದು ಮಾತು. ಮೈಮೇಲೆ ಬಿಳಿ ಚುಕ್ಕೆ ಇರುವ, ಬಸ್ಸಿನಷ್ಟು ಉದ್ದದ ಶಾರ್ಕ್ ವಿಡಿಯೋ ಬಂದರೆ ಅದು ತಿಮಿಂಗಿಲ ಶಾರ್ಕ್. ಸಣ್ಣ ಸಣ್ಣ ಜೀವಿಗಳನ್ನು ನೀರಿನ ಜೊತೆ ಸೋಸಿ ತಿನ್ನುತ್ತದೆ, ಮನುಷ್ಯರ ತಂಟೆಗೆ ಬರುವುದಿಲ್ಲ. 2001ರಿಂದ ನಮ್ಮ ದೇಶದಲ್ಲಿ ಅದಕ್ಕೆ ಕಾನೂನಿನ ರಕ್ಷಣೆ ಇದೆ.

ಎಷ್ಟರಲ್ಲಿ ಎಷ್ಟು?

ಫ್ಲಾರಿಡಾದ ಅದೇ ದಾಖಲೆಯ ಪ್ರಕಾರ, ಕೆಣಕದೆ ಆದ ಶಾರ್ಕ್ ಕಡಿತ 2023ರಲ್ಲಿ ಇಡೀ ಜಗತ್ತಿನಲ್ಲಿ 69, ಅದರಲ್ಲಿ ಸತ್ತವರು 10. 2024ರಲ್ಲಿ 47, ಸತ್ತವರು 4. ಹೆಚ್ಚಿನವು ಅಮೆರಿಕ ಮತ್ತು ಆಸ್ಟ್ರೇಲಿಯಾದ ಕಡಲುಗಳಲ್ಲಿ ಆಗುತ್ತವೆ.

ಇಲ್ಲಿ ಒಂದು ಪ್ರಾಮಾಣಿಕ ಎಚ್ಚರಿಕೆ ಬೇಕು. ಸಂಖ್ಯೆ ಸಣ್ಣದು ಅಂತ ಎಲ್ಲರಿಗೂ ಅಪಾಯ ಒಂದೇ ಅಲ್ಲ. ಫ್ಲಾರಿಡಾದಲ್ಲಿ ದಿನಾ ಅಲೆಯ ಮೇಲೆ ಹಲಗೆ ಓಡಿಸುವವನ ಅಪಾಯ ಬೇರೆ. ಬದುಕಿನಲ್ಲಿ ಒಂದು ಸಲ ಮೊಣಕಾಲುದ್ದ ನೀರಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವ ನಮ್ಮ ಹುಡುಗಿಯ ಅಪಾಯ ಬೇರೆ. ಸುದ್ದಿ ಹೇಳುವುದು ಎಷ್ಟು ಮಂದಿಗೆ ಆಯಿತು ಅಂತ ಮಾತ್ರ. ಆ ದಿನ ಎಷ್ಟು ಮಂದಿ ನೀರಿಗಿಳಿದು ಸುಖವಾಗಿ ಮನೆಗೆ ಹೋದರು ಅನ್ನುವುದನ್ನು ನಾವೇ ಕೇಳಿಕೊಳ್ಳಬೇಕು.

ಪುಟದ ಮೂಲೆ ಓದಿ

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು.

1979ರಲ್ಲಿ ಕೂಂಬ್ಸ್ ಮತ್ತು ಸ್ಲೋವಿಕ್ ಅನ್ನುವವರು ಅಮೆರಿಕದ ಎರಡು ಊರುಗಳ ಸ್ಥಳೀಯ ಪತ್ರಿಕೆ ತೆಗೆದುಕೊಂಡು ಸಾವಿನ ಸುದ್ದಿಗಳನ್ನು ಎಣಿಸಿದರು. ಕೊಲೆಯಲ್ಲಿ ಸತ್ತವರಿಗಿಂತ ರೋಗದಲ್ಲಿ ಸತ್ತವರು ಸುಮಾರು 100 ಪಟ್ಟು ಜಾಸ್ತಿ. ಆದರೆ ಕೊಲೆ ಸುದ್ದಿಗಳು ರೋಗದ ಸುದ್ದಿಗಳ ಮೂರು ಪಟ್ಟು. ಯಾವುದರಿಂದ ಎಷ್ಟು ಮಂದಿ ಸಾಯುತ್ತಾರೆ ಅನ್ನುವ ಜನರ ಅಂದಾಜೂ ಪೇಪರಿನ ದಾರಿಯಲ್ಲೇ ಹೋಗಿತ್ತು.

ಇದರಲ್ಲಿ ವರದಿಗಾರನ ದುರುದ್ದೇಶ ಇಲ್ಲ. ಅಪರೂಪಕ್ಕೆ ಆದದ್ದೇ ಸುದ್ದಿ. ದಿನಾ ಆಗುವುದನ್ನು ಯಾರೂ ಸುದ್ದಿ ಅನ್ನುವುದಿಲ್ಲ. ಹಾಗಾಗಿ ಒಂದು ಅಪಾಯ ಪೇಪರಿನಲ್ಲಿ ದೊಡ್ಡದಾಗಿ ಬಂತು ಅಂದರೆ, ಹೆಚ್ಚಿನ ಸಲ ಅದು ಅಪರೂಪದ್ದು ಅಂತಲೇ ಅರ್ಥ. ಇದೊಂದು ಮಾತು ನಮ್ಮ ಮಕ್ಕಳ ತಲೆಯಲ್ಲಿ ಉಳಿದರೆ ನನಗೆ ಸಾಕು.

ಈಗ ನಮ್ಮ ಪುಟದ ಕೆಳಮೂಲೆ ನೋಡಿ. "ಹಾವು ಕಚ್ಚಿ ರೈತ ಸಾವು", ನಾಲ್ಕು ಸಾಲು. "ಸಿಡಿಲು ಬಡಿದು ಕುರಿಗಾಹಿ ಸಾವು", ಮೂರು ಸಾಲು. "ಕೃಷಿ ಹೊಂಡದಲ್ಲಿ ಬಿದ್ದು ಬಾಲಕ ಸಾವು", ಎರಡೇ ಸಾಲು. 2020ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದ ಅಂದಾಜಿನಂತೆ, 2000ದಿಂದ 2019ರವರೆಗೆ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಮಂದಿ ಹಾವು ಕಚ್ಚಿ ಸತ್ತಿದ್ದಾರೆ. ದಿನಕ್ಕೆ ಸುಮಾರು 160. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಅಂತ ಘೋಷಿಸಿತು. ಸಿಡಿಲಿಗೆ 2022ರಲ್ಲಿ ದೇಶದಲ್ಲಿ 2,887 ಮಂದಿ ಬಲಿಯಾದರು. ನೀರಲ್ಲಿ ಮುಳುಗಿ ಸತ್ತವರು ಅದೇ ವರ್ಷ 38,000ಕ್ಕೂ ಹೆಚ್ಚು. ನಮ್ಮ ರಾಜ್ಯದ ರಸ್ತೆಗಳಲ್ಲೇ 11,000ಕ್ಕೂ ಹೆಚ್ಚು.

ರಾತ್ರಿ ಕರೆಂಟ್ ಬಂತು ಅಂತ ತೊಗರಿ ಹೊಲಕ್ಕೆ ನೀರು ಬಿಡಲು ಬರಿಗಾಲಲ್ಲಿ ಹೋಗುವ ಅಪ್ಪ, ಮಗಳನ್ನು ಶಾರ್ಕ್ ಭಯಕ್ಕೆ ಪ್ರವಾಸದಿಂದ ತಪ್ಪಿಸುತ್ತಾನೆ. ಅವನಿಗೆ ಮಗಳ ಮೇಲೆ ಪ್ರೀತಿ ಇಲ್ಲವಾ? ಇದೆ, ಬೇಕಾದಷ್ಟಿದೆ. ಆ ಪ್ರೀತಿಗೆ ತಪ್ಪು ದಾರಿ ತೋರಿಸಿದ್ದು ಸುದ್ದಿಯ ಅಳತೆ. ಅಂಥ ಅಪ್ಪನಿಗೆ ನಾನು ಹೇಳುವುದಿಷ್ಟು: ಗಂಬೂಟು ಹಾಕಿಕೊಳ್ಳಿ, ಬ್ಯಾಟರಿ ಹಿಡಿದು ಹೋಗಿ. ಹಾವು ಕಚ್ಚಿದರೆ ದಾರ ಬಿಗಿಯುವುದು, ಬ್ಲೇಡಿಂದ ಕೊಯ್ಯುವುದು, ಮಂತ್ರ ಹಾಕಿಸುವುದು ಬೇಡ. ಸೀದಾ ಆಸ್ಪತ್ರೆಗೆ ಹೋಗಿ. ಗುಡುಗು ಕೇಳಿದ ಕೂಡಲೇ ಬೇವಿನ ಮರದ ಬುಡ ಬಿಡಿ. ಸಿಡಿಲಿನ ಮುನ್ಸೂಚನೆಗೆ ದಾಮಿನಿ ಅನ್ನುವ ಆ್ಯಪ್ ಇದೆ, ದುಡ್ಡಿಲ್ಲದೆ ಸಿಗುತ್ತದೆ.

ಒಂದು ತಿಂಗಳು ಮನೆಯಲ್ಲಿ ಈ ಕೆಲಸ ಮಾಡಿ ನೋಡಿ. ದಿನಾ ಜಿಲ್ಲಾ ಪುಟದಲ್ಲಿ ಸಾವಿನ ಸುದ್ದಿಗಳಿಗೆ ಗೆರೆ ಹಾಕಿ. ಪಕ್ಕದಲ್ಲಿ ಎಷ್ಟು ಸಾಲು ಅಂತ ಬರೆಯಿರಿ. ತಿಂಗಳ ಕೊನೆಗೆ ಒಂದು ಕಡೆ ಸಾವಿನ ಲೆಕ್ಕ, ಇನ್ನೊಂದು ಕಡೆ ಸಾಲಿನ ಲೆಕ್ಕ ಇಟ್ಟು ನೋಡಿ. ನಾನು ಬಾಯಲ್ಲಿ ಹೇಳುವುದಕ್ಕಿಂತ ಆ ಎರಡು ಲೆಕ್ಕ ಚೆನ್ನಾಗಿ ಹೇಳುತ್ತವೆ.

ಹತ್ತಿರದ ಸುದ್ದಿಯನ್ನು ತಳ್ಳಿಹಾಕಬೇಡಿ

ಇಷ್ಟೆಲ್ಲ ಓದಿ "ಪೇಪರಿನವರು ಸುಮ್ನೆ ಹೆದರಿಸ್ತಾರೆ" ಅನ್ನುವ ತೀರ್ಮಾನಕ್ಕೆ ಬರಬೇಡಿ. ಅದು ಇನ್ನೂ ದೊಡ್ಡ ತಪ್ಪು. 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿ ಕಲಬುರಗಿ, ಯಾದಗಿರಿಯ ಎಷ್ಟೋ ಹಳ್ಳಿಗಳು ನೀರಲ್ಲಿ ನಿಂತವು. ಆ ಹೊತ್ತಿನಲ್ಲಿ ಯಾವ ಬ್ಯಾರೇಜಿನಿಂದ ಎಷ್ಟು ನೀರು ಬಿಟ್ಟರು, ಯಾವ ಸೇತುವೆ ಮುಳುಗಿತು ಅನ್ನುವ ಸ್ಥಳೀಯ ಸುದ್ದಿಗೆ ಬೆಲೆ ಕಟ್ಟಲಾಗದು.

ಮೊಸಳೆ ಸುದ್ದಿಯೂ ಹಾಗೆಯೇ. ಮೊಸಳೆ ಕಡಿತ ಅಪರೂಪ. ಆದರೆ ಕೃಷ್ಣಾ ದಂಡೆಯವರಿಗೆ ಅದು ದೂರದ್ದಲ್ಲ. ಬಟ್ಟೆ ಒಗೆಯುವ, ಎಮ್ಮೆ ಮೈತೊಳೆಯುವ, ಪಂಪ್‌ಸೆಟ್ ಪೈಪ್ ಇಳಿಸುವ ಜಾಗದಲ್ಲೇ ಅದು ಇರುತ್ತದೆ. ನಿಮ್ಮ ಘಾಟಿನ ಹೆಸರು ಹೇಳಿ ಸುದ್ದಿ ಬಂದರೆ ಗಂಭೀರವಾಗಿ ತೆಗೆದುಕೊಳ್ಳಿ. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಒಬ್ಬರೇ ನೀರಿಗೆ ಇಳಿಯಬೇಡಿ. ಮಕ್ಕಳನ್ನು ಅಂಚಿನಲ್ಲಿ ಕೂರಿಸಬೇಡಿ. ಅರಣ್ಯ ಇಲಾಖೆಗೆ ತಿಳಿಸಿ. ಕಲ್ಲು ಹೊಡೆಯಲು, ವಿಡಿಯೋ ಮಾಡಲು ಗುಂಪು ಕಟ್ಟಿಕೊಂಡು ಹೋಗಬೇಡಿ.

ಅಳತೆ ಮೀರಿದ ಭಯ ಕೊನೆಗೆ ಪ್ರಾಣಿಯ ಮೇಲೆ ತಿರುಗುತ್ತದೆ, ಅದಕ್ಕೇ ಈ ಮಾತು. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಕೆಲವು ವರ್ಷಗಳಲ್ಲಿ ಶಾರ್ಕ್ ಕಚ್ಚಿ ಒಂದರ ಹಿಂದೆ ಒಂದು ಸಾವಾಗಿ ಸುದ್ದಿ ಕಾವೇರಿದಾಗ ಅಲ್ಲಿನ ಸರ್ಕಾರ 2014ರಲ್ಲಿ ಕಡಲಲ್ಲಿ ದೊಡ್ಡ ಕೊಕ್ಕೆಗಳನ್ನು ಬಿಟ್ಟಿತು. 170ಕ್ಕೂ ಹೆಚ್ಚು ಶಾರ್ಕ್ ಸಿಕ್ಕವು. ಯಾವ ದೊಡ್ಡ ಬಿಳಿ ಶಾರ್ಕಿಗೆ ಹೆದರಿ ಕೊಕ್ಕೆ ಹಾಕಿದ್ದರೋ ಅದು ಒಂದೂ ಸಿಗಲಿಲ್ಲ. ಇನ್ನು ಮೀನುಗಾರಿಕೆಯಲ್ಲಿ ಮನುಷ್ಯರ ಕೈಗೆ ಸಿಕ್ಕು ಸಾಯುವ ಶಾರ್ಕ್‌ಗಳ ಅಂದಾಜು ವರ್ಷಕ್ಕೆ ಸುಮಾರು 10 ಕೋಟಿ.

ಭಯವನ್ನು ಪ್ರಶ್ನೆ ಮಾಡಿ

ಹೆದರಿಕೆ ಬಂದರೆ ಒಂದು ಹಾಳೆ ತೆಗೆದುಕೊಳ್ಳಿ. ನಡುವೆ ಗೆರೆ ಎಳೆದು ಎಡಕ್ಕೆ ಹೆದರಿಕೆ, ಬಲಕ್ಕೆ ಅದರ ಬಗ್ಗೆ ಯಾರನ್ನು ಏನು ಕೇಳಬಹುದು ಅಂತ ಬರೆಯಿರಿ. ಎರಡನೇ ಪಾಲಕರ ಸಭೆಯಲ್ಲಿ ಇದನ್ನೇ ಮಾಡಿದೆವು. "ಶಾರ್ಕ್" ಎದುರಿಗೆ ಬರೆಯಲು ಯಾರಿಗೂ ಏನೂ ಸಿಗಲಿಲ್ಲ. "ಅಲೆ" ಎದುರಿಗೆ ಹಾಳೆ ಸಾಲಲಿಲ್ಲ. ಕೆಂಪು ಬಾವುಟ ಇದ್ದರೆ ಯಾರೂ ಇಳಿಯಬಾರದು. ಹತ್ತು ಮಕ್ಕಳಿಗೆ ಒಬ್ಬ ದೊಡ್ಡವರು, ಅವರು ಫೋನ್ ಚೀಲದಲ್ಲಿಟ್ಟು ನಿಲ್ಲಬೇಕು. ಮೊಣಕಾಲು ದಾಟಿ ನೀರಿಗೆ ಹೋಗುವಂತಿಲ್ಲ. ಸೆಳೆತಕ್ಕೆ ಸಿಕ್ಕರೆ ದಡದ ಕಡೆ ಹೋರಾಡದೆ, ದಡದ ಉದ್ದಕ್ಕೆ ಪಕ್ಕಕ್ಕೆ ಈಜಬೇಕು. ಈಜು ಬರದವರು ಕೈ ಎತ್ತಿ ಕೂಗಬೇಕು. ಮುಳುಗುವವರನ್ನು ಹಿಡಿಯಲು ಇನ್ನೊಂದು ಮಗು ಹಾರಬಾರದು. ಹಗ್ಗ, ಖಾಲಿ ಕ್ಯಾನ್ ಎಸೆಯಬೇಕು. ಬಸ್ಸಿನ ಡ್ರೈವರ್‌ಗೆ ರಾತ್ರಿ ನಿದ್ದೆ ಆಗಿದೆಯಾ ಅಂತ ಒಬ್ಬ ಅಜ್ಜ ಕೇಳಿದರು. ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆ ಅದು. ಎರಡನೇ ಡ್ರೈವರ್ ಗೊತ್ತು ಮಾಡಿದೆವು.

ನಿಮ್ಮೂರಿನ ವರದಿಗಾರರಿಗೂ ಪ್ರಶ್ನೆ ಕೇಳಿ. ಅವರು ನಮ್ಮವರೇ, ಚಹಾದಂಗಡಿಯಲ್ಲಿ ದಿನಾ ಸಿಗುವವರು. "ಅಣ್ಣಾರ, ಆ ಮೊಸಳಿ ಯಾವ ಘಾಟಿನಾಗ ಕಂಡಿತ್ತು? ಯಾರಿಗಾರ ಏನಾರ ಆಗ್ಯಾದೇನು? ಅಲ್ಲಿ ಏನ್ ಮಾಡಬೇಕಂತ ಅರಣ್ಯದವರು ಹೇಳ್ಯಾರ?" ಅಂತ ಕೇಳಿದರೆ ಮುಂದಿನ ಸಲ ಸುದ್ದಿಯಲ್ಲಿ ಆ ಸಾಲುಗಳೂ ಬರುತ್ತವೆ. ಫೋನಿಗೆ ಬಂದ ವಿಡಿಯೋವನ್ನು ಮುಂದೆ ಕಳಿಸುವ ಮುಂಚೆ ಜಾಗ, ತಾರೀಖು ಎರಡೂ ಗೊತ್ತಾ ಅಂತ ನೋಡಿ. ಒಂದು ಇಲ್ಲದಿದ್ದರೂ ಕಳಿಸಬೇಡಿ.

ಒಪ್ಪಿಗೆ ಪತ್ರ ವಾಪಸ್ ತೆಗೆದುಕೊಂಡಿದ್ದ ಮೂವರಲ್ಲಿ ಇಬ್ಬರು ಮತ್ತೆ ಕೊಟ್ಟರು. ಹೊರಡುವ ಹಿಂದಿನ ರಾತ್ರಿ ಒಂಬತ್ತೂವರೆಗೆ ಫೋನ್ ಬಂತು. ವಿಡಿಯೋ ತೋರಿಸಿದ್ದ ಅದೇ ತಾಯಿ.

"ಸರ, ಮಲಗಿದ್ರೇನ್ರಿ? ಒಂದು ಕೇಳೂದಿತ್ತು. ನೀರಿನ ಹತ್ರ ನಿಂದರೋರು ಯಾರ್ಯಾರ್ರಿ? ನಮ್ಮಾಕಿ ಯಾರ ಗುಂಪಿನ್ಯಾಗ ಅದಾಳ?"

ಪಟ್ಟಿ ತೆಗೆದು ಹೆಸರು ಓದಿ ಹೇಳಿದೆ. ಅವರು ಅದನ್ನು ಬರೆದುಕೊಂಡರು.